ಬಟ್ಟಲು ಹೆಡ್ಡೋ ಟೋಪಿ ಹೆಡ್ಡೋ

ನಮ್ಮ ಮನೆಗೆ ಬಂದ ಹೆಂಗಸರು ಸೆರಗಿಗೆ ಪಿನ್ನು ಬೇಕೆಂದರೆ ನಾನು ನಡುಮನೆಯ ಶೋಕೇಸಿನ ಕಡೆ ಕೈ ತೋರಿಸುತ್ತೇನೆ. ಅಲ್ಲಿ ಅಲ್ಯೂಮಿನಿಯಮ್ಮಿನ ಒಂದು ವಸ್ತು ಅಂಗಾತ ಬಿದ್ದುಕೊಂಡಿದೆ. ಹೊರಗೆ ರೆಕ್ಕೆ ರೆಕ್ಕೆ, ಒಳಗೆ ನಿಂಬೆಹಣ್ಣಿನ ಹೋಳು ಕೂರುವಷ್ಟು ತಗ್ಗು. ತಗ್ಗಿನ ತುಂಬ ಸೇಫ್ಟಿ ಪಿನ್ನು, ರಬ್ಬರ್ ಬ್ಯಾಂಡು, ಯಾವ ಅಂಗಿಯವೆಂದು ಯಾರಿಗೂ ಗೊತ್ತಿಲ್ಲದ ಗುಂಡಿಗಳು. "ಇದೇನ್ರೀ ಇಷ್ಟು ಚೆನ್ನಾಗಿದೆ, ಎಲ್ಲೀದು?" ಎಂದು ಕೇಳಿದವರಿಗೆ "ಬೇಲೂರಲ್ಲಿ ಮಾಡಿಸಿದ್ದು" ಎನ್ನುತ್ತೇನೆ. ಸುಳ್ಳಲ್ಲ. ಬೇಲೂರು ಎಂದ ಕೂಡಲೇ ಅವರ ಮುಖದಲ್ಲಿ ಭಕ್ತಿ ಮೂಡುತ್ತದೆ. ಎಲ್ಲಾದರೂ ಒಬ್ಬಳು ಶಿಲಾಬಾಲಿಕೆ ಸಿಕ್ಕಾಳೇ ಎಂದು ತಿರುಗಿಸಿ ಮುರುಗಿಸಿ ಹುಡುಕುತ್ತಾರೆ. ಪಿನ್ನು ಸರಿಸಿ ನೋಡಿದವರು ಒಳಗೆಲ್ಲ ಸಿಡುಬಿನ ಕಲೆಯಂಥ ಗುಳಿಗಳನ್ನು ಕಂಡು "ಪಾಪ, ಬಹಳ ಹಳೇದು" ಎಂದು ಲೊಚಗುಟ್ಟುತ್ತಾರೆ. ಆಗ ಕೋಣೆಯೊಳಗಿಂದ ನಮ್ಮ ಯಜಮಾನರು ಕೆಮ್ಮುತ್ತಾರೆ.

ಅದು ಶಿಲ್ಪವಲ್ಲ. ನಮ್ಮ ಯಜಮಾನರ ಎರಡು ಸ್ಟ್ರೋಕಿನ ಮೋಟಾರ್ ಬೈಕಿನ ಎಂಜಿನ್ ಹೆಡ್. ನೀವು ಅಡುಗೆಮನೆಯ ಕಡೆಯವರಾದರೆ ಕುಕ್ಕರಿನ ಮುಚ್ಚಳ ಎಂದುಕೊಳ್ಳಿ, ಸಾಕು. ಕೆಳಗಿನಿಂದ ಪಿಸ್ಟನ್ ಮೇಲೆ ಬಂದು ಪೆಟ್ರೋಲನ್ನೂ ಗಾಳಿಯನ್ನೂ ಈ ತಗ್ಗಿನೊಳಗೆ ಅದುಮುತ್ತದೆ, ನಡುವಿನ ಪ್ಲಗ್ಗು ಕಿಡಿ ಕೊಡುತ್ತದೆ, ಗಾಡಿ ಓಡುತ್ತದೆ. ತಗ್ಗು ಚಿಕ್ಕದಾದಷ್ಟೂ ಅದುಮುವುದು ಬಿಗಿ. ಬಿಗಿಯಾದಷ್ಟೂ ಎಳೆತ ಜಾಸ್ತಿ, ಜೊತೆಗೆ ಕಾವೂ ಜಾಸ್ತಿ. ಇದಕ್ಕೆ ಕಂಪ್ರೆಷನ್ ಎನ್ನುತ್ತಾರೆ. ಮದುವೆಯಾಗಿ ಅರಸೀಕೆರೆಗೆ ಬಂದ ಹೊಸತರಲ್ಲಿ ನಾನು ಕಲಿತ ಮೊದಲ ಪಾಠ ಇದು. ಅತ್ತೆಮನೆಯ ಉಪ್ಪು ಹುಳಿಯ ಅಳತೆ ಆಮೇಲೆ ಬಂತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಯಜಮಾನರು ಮನೆತನದ ಕೊಬ್ಬರಿ ಮಂಡಿಯಲ್ಲಿ ಕೂರುತ್ತಿದ್ದರು. ಕೂರುತ್ತಿದ್ದರು ಎಂಬುದು ಮರ್ಯಾದೆಯ ಮಾತು. ಮೈ ಮಂಡಿಯಲ್ಲಿ, ಮನಸ್ಸೆಲ್ಲ ಗಾಡಿಯಲ್ಲಿ. ಕಂಪನಿಯವರು ಕೊಟ್ಟ ಹಾಗೇ ಗಾಡಿ ಓಡಿಸುವವರು ಹೋಟೆಲಿನವನು ಕೊಟ್ಟ ಹಾಗೇ ಸಾರು ಉಣ್ಣುವವರಂತೆ, ರುಚಿ ಗೊತ್ತಿಲ್ಲದ ಜನ ಎಂಬುದು ಅವರ ನಂಬಿಕೆ. ಅದರಂತೆ ಬಸ್ ಸ್ಟ್ಯಾಂಡಿನ ಹಿಂದಿನ ಮೆಕ್ಯಾನಿಕ್ ಯೂಸುಫಣ್ಣನ ಹತ್ತಿರ ಎಂಜಿನ್ನಿನ ಹೊಗೆ ಹೋಗುವ ಬಾಯಿಯನ್ನು ಉಜ್ಜಿಸಿ ಎತ್ತರ ಮಾಡಿಸಿದ್ದರು. ಬಾಯಿ ದೊಡ್ಡದಾದ ಮೇಲೆ ಗಾಡಿಗೆ ಸದ್ದು ಬಂತು, ಎಳೆತ ಹೋಯಿತು. ಅದುಮಬೇಕಾದದ್ದೆಲ್ಲ ಆ ಬಾಯಿಂದ ಸೋರಿಹೋಗುತ್ತಿತ್ತಂತೆ. ಸೋರಿದ್ದನ್ನು ಹೆಡ್ಡಿನಲ್ಲಿ ತುಂಬಿಕೊಡಬೇಕು, ಅಂದರೆ ಹೆಡ್ಡನ್ನು ಕಡಿಸಿ ತಗ್ಗನ್ನು ಚಿಕ್ಕದು ಮಾಡಬೇಕು ಎಂದು ಯೂಸುಫಣ್ಣ ಹೇಳಿದ. ನಮ್ಮ ಮನೆಯ ಶನಿ ಶುರುವಾದದ್ದು ಅಲ್ಲಿಂದ.

ಚಿಕ್ಕದು ಮಾಡುವುದೇನೋ ಸರಿ, ಯಾವ ಆಕಾರದಲ್ಲಿ? ಅರಸೀಕೆರೆಯಲ್ಲಿ ಈ ವಿಷಯಕ್ಕೆ ಎರಡು ಪಂಥಗಳಿದ್ದವು. ತಗ್ಗು ಅಂಚಿನಿಂದ ಅಂಚಿಗೆ ಒಂದೇ ಸಮ ಗುಂಡಗಿರಬೇಕು, ಪಾಯಸದ ಬಟ್ಟಲಿನ ಹಾಗೆ, ಎನ್ನುವವರು ಬಟ್ಟಲಿನವರು. ಸುತ್ತ ಅಗಲವಾದ ಅಂಚು ಬಿಟ್ಟು ನಡುವೆ ಮಾತ್ರ ಚಿಕ್ಕ ಗುಳಿ ಇರಬೇಕು, ಸಾಹೇಬರ ಟೋಪಿಯನ್ನು ಮಗುಚಿಟ್ಟ ಹಾಗೆ, ಎನ್ನುವವರು ಟೋಪಿಯವರು. ಪಿಸ್ಟನ್ ಬಂದು ಆ ಅಂಚಿಗೆ ಹತ್ತಿರವಾದಾಗ ಪೆಟ್ರೋಲೆಲ್ಲ ಚಿಮ್ಮಿ ನಡುವಿಗೆ ಬರುತ್ತದೆ ಎಂಬುದು ಇವರ ಸಿದ್ಧಾಂತ. ಸಂಜೆ ಟೀ ಅಂಗಡಿಯಲ್ಲಿ ಎರಡು ಬೆಂಚು. ಬಟ್ಟಲಿನವರು ಒಂದರ ಮೇಲೆ, ಟೋಪಿಯವರು ಇನ್ನೊಂದರ ಮೇಲೆ. ಗಂಡಸಿಯ ಕಡೆಯ ತೆಂಗಿನ ತೋಟದವರೊಬ್ಬರು ಬಟ್ಟಲಿನಿಂದ ಟೋಪಿಗೆ ಹೋದಾಗ ಹಳೆಯ ಸ್ನೇಹಿತರು ಅವರ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. ಇಷ್ಟು ಜನರಲ್ಲಿ ಅರ್ಧದಷ್ಟು ಮಂದಿಯ ಹತ್ತಿರ ಗಾಡಿಯೇ ಇರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು.

ನಮ್ಮ ಯಜಮಾನರದು ಎರಡೂ ಅಲ್ಲದ, ಎರಡೂ ಆದ ಸ್ಥಿತಿ. ರಾತ್ರಿ ಊಟಕ್ಕೆ ಕೂತಾಗ ಬಟ್ಟಲು, ಬೆಳಗ್ಗೆ ಹಲ್ಲುಜ್ಜುವಾಗ ಟೋಪಿ.

ಇಂಥ ಹೊತ್ತಿನಲ್ಲಿ ನನಗೆ ಕೆಲಸದ ಆರ್ಡರು ಬಂತು. ಮದುವೆಗೆ ಮುಂಚೆ ಬರೆದಿದ್ದ ಪರೀಕ್ಷೆ, ನಾನೇ ಮರೆತಿದ್ದೆ. ಪ್ರಾಥಮಿಕ ಶಾಲೆಯ ಮೇಷ್ಟ್ರ ಕೆಲಸ, ಊರು ಗೆಂಡೆಹಳ್ಳಿಯ ಹತ್ತಿರ. ಡಿಸೆಂಬರಿನ ಕೊನೆಯ ಕೆಲಸದ ದಿನ ಸಂಜೆಯೊಳಗೆ ಬೇಲೂರಿನ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ಹಾಜರಾಗಬೇಕು. ಇಲ್ಲದಿದ್ದರೆ ಆ ಜಾಗ ಪಟ್ಟಿಯಲ್ಲಿ ನನ್ನ ಕೆಳಗಿದ್ದವರಿಗೆ. ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ನಮ್ಮ ತವರು ಮಾದಿಹಳ್ಳಿಯಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದರು, ಓದಿದ್ದನ್ನು ಮದುವೆಯ ಕರೆಯೋಲೆಯಲ್ಲಿ ಹೆಸರಿನ ಪಕ್ಕ ಅಚ್ಚು ಹಾಕಿಸುತ್ತಿದ್ದರು, ಅಲ್ಲಿಗೆ ಓದು ಸಾರ್ಥಕ. ನನ್ನ ಕೈಯಲ್ಲಿ ಚಾಕ್ ಹಿಡಿದು ಹಲಗೆಯ ಮುಂದೆ ನಿಲ್ಲುವ ಯೋಗ ಬಂದಿತ್ತು. ವಾರವೆಲ್ಲ ಬೇಲೂರಿನಲ್ಲಿ ಒಂದು ರೂಮು, ಶನಿವಾರ ಅರಸೀಕೆರೆ ಎಂದು ಮನಸ್ಸಿನಲ್ಲೇ ಎಲ್ಲ ಜೋಡಿಸಿಟ್ಟುಕೊಂಡೆ.

ಮೊದಲ ಅಡ್ಡಿ ನಮ್ಮತ್ತೆಯಿಂದ ಬಂತು. "ಧನುರ್ಮಾಸದಾಗೆ ಒಳ್ಳೆ ಕೆಲ್ಸ ಸುರು ಮಾಡಬಾರ್ದು ಕಣವ್ವ. ಸಂಕ್ರಾಂತಿ ಕಳೀಲಿ, ಹೋಗೀವಂತೆ."

"ಸರ್ಕಾರಕ್ಕೆ ಧನುರ್ಮಾಸ ಗೊತ್ತಿಲ್ಲ ಅತ್ತೆ."

"ಅದಕ್ಕೇ ಅದು ಹಂಗೈತೆ" ಎಂದು ಅವರು ರಾಗಿ ಮುದ್ದೆ ತಿರುವಲು ಹೋದರು. ಅದೇ ಧನುರ್ಮಾಸದಲ್ಲಿ ಹಜಾರದಲ್ಲಿ, ಕೊಬ್ಬರಿ ಮೂಟೆಗಳ ಪಕ್ಕ, ಗೋಣಿಚೀಲದ ಮೇಲೆ ಎಂಜಿನ್ನು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದಕ್ಕೆ ಯಾವ ದೋಷವೂ ಇರಲಿಲ್ಲ.

ಯಜಮಾನರು ಅಡ್ಡಿ ಮಾಡಲಿಲ್ಲ. ಬೀದಿಗೆಲ್ಲ ಅವರೇ ಮೈಸೂರುಪಾಕು ಹಂಚಿ ಬಂದರು. "ನಾನೇ ಗಾಡೀಲಿ ಕರ್ಕೊಂಡು ಹೋಗ್ತೀನಿ ಕಣೇ. ಕೆಲಸಕ್ಕೆ ಸೇರೋ ಮೊದಲ ದಿನಾನೇ ಹೆಂಡ್ತೀನ ಬಸ್ಸಲ್ಲಿ ನೇತಾಡಿಸ್ಕೊಂಡು ಹೋಗೋದಾ? ಹೆಡ್ ಒಂದು ಕೂತ್ಕೊಳ್ಲಿ." ಹೊಸ ಸೊಸೆ, ಗಂಡನ ಜೊತೆ ಹೋಗಿ ಹಾಜರಾಗಬೇಕೆಂದು ಅತ್ತೆಯ ಕಟ್ಟಪ್ಪಣೆ ಬೇರೆ. ಸರಿ, ಹೆಡ್ಡು ಕೂರಲಿ ಎಂದು ನಾನೂ ಕೂತೆ.

ಅರಸೀಕೆರೆಯಲ್ಲಿ ಲೋಹವನ್ನು ತಿರುಗಿಸಿ ಕಡಿಯುವ ಲೇತುಗಳಿಗೆ ಬರವಿರಲಿಲ್ಲ. ಆದರೆ ಬಟ್ಟಲಿನವರೂ ಟೋಪಿಯವರೂ ಒಂದು ವಿಷಯದಲ್ಲಿ ಒಂದಾಗಿದ್ದರು. ಹೆಡ್ ಕಡಿಸಿದರೆ ಬೇಲೂರಿನ ರುದ್ರಾಚಾರ್ರ ಲೇತಿನಲ್ಲೇ ಕಡಿಸಬೇಕು. ಯಾಕೆಂದರೆ ರುದ್ರಾಚಾರ್ರು ಮೊದಲೇ ಹೇಳಿಬಿಡುತ್ತಿದ್ದರಂತೆ, "ಕಲ್ಲಿನ ಕಂಬಾನೇ ಲೇತಿಗೆ ಹಾಕಿ ತಿರುಗಿಸಿದ ವಂಸ ನಮ್ದು. ನಿಮ್ ಅಲ್ಯೂಮಿನಿಯಮ್ಮು ನಮಗೆ ಬೆಣ್ಣೆ ಇದ್ದಂಗೆ."

ಈ ಮಾತು ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಮಾದಿಹಳ್ಳಿಯವರಿಗೆ ಹಳೇಬೀಡು ಅಂದರೆ ಪಕ್ಕದ ಮನೆ. ಮನೆಗೆ ನೆಂಟರು ಬಂದರೆ ಅವರಿಗೆ ದೇವಸ್ಥಾನ ತೋರಿಸಿಕೊಂಡು ಬರುವುದು ಮಕ್ಕಳಾದ ನಮ್ಮ ಪಾಲಿನ ಕೆಲಸ. ಅಲ್ಲಿನ ಗೈಡುಗಳು ಕಂಬದ ಮೇಲೆ ಉಗುರಿನಿಂದ ಉಂಗುರದ ಗೆರೆ ತೋರಿಸಿ, ಆ ಕಾಲಕ್ಕೇ ಲೇತು ಇತ್ತು ನೋಡಿ ಎನ್ನುತ್ತಿದ್ದರು. ನೆಂಟರು ಬಾಯಿ ತೆರೆಯುತ್ತಿದ್ದರು. ನಾವು ಹುಡುಗಿಯರು ಅದೇ ಕಂಬದ ಹೊಳಪಿನಲ್ಲಿ ಮುಖ ನೋಡಿಕೊಂಡು ಬೈತಲೆ ಸರಿಮಾಡಿಕೊಳ್ಳುತ್ತಿದ್ದೆವು. ಹೊಯ್ಸಳರು ಅಷ್ಟು ಕಷ್ಟಪಟ್ಟು ತಿರುಗಿಸಿದ್ದು ಒಂದು ದಿನ ನಮ್ಮ ಯಜಮಾನರ ಗಾಡಿಯ ಎಳೆತಕ್ಕೆ ಆಧಾರವಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು.

ಅಂತೂ ಹೆಡ್ಡು ಬೇಲೂರಿಗೆ ಹೊರಟಿತು. ಗಾಡಿ ಬಿಚ್ಚಿಟ್ಟದ್ದರಿಂದ ಬಸ್ಸಿನಲ್ಲಿ. ಬಟ್ಟೆ ಅಂಗಡಿಯ ಕೈಚೀಲದಲ್ಲಿ ಹೆಡ್ಡನ್ನು ನನ್ನ ಹಳೆಯ ರವಿಕೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಕಿಟಕಿ ಪಕ್ಕದ ಸೀಟಿನಲ್ಲಿ. ಸಂಜೆ ಬಟ್ಟಲಾಗಿ ವಾಪಸು ಬಂತು. ಒಂದೆರಡು ದಿನ ಬಿಟ್ಟು ಇನ್ನೊಂದು ಹಳೆಯ ಹೆಡ್ಡು ಸಂಪಾದಿಸಿಕೊಂಡು ಹೋದರು. ಅದು ಟೋಪಿಯಾಗಿ ಬಂತು. ಟೋಪಿಯ ಅಂಚು ಸ್ವಲ್ಪ ಅಗಲವಾಯಿತೆಂದು ಮತ್ತೆ ಹೋಯಿತು. ಬಟ್ಟಲಿನ ಆಳ ಸ್ವಲ್ಪ ಹೆಚ್ಚಾಯಿತೆಂದು ಅದೂ ಹೋಯಿತು.

"ನೀವು ಹೇಗೂ ಬೇಲೂರಿಗೆ ಹೋಗ್ತಿದ್ದೀರಲ್ಲ, ನನ್ನೂ ಕರ್ಕೊಂಡು ಹೋಗಿ. ಹಾಜರಿ ಹಾಕಿ ಬರ್ತೀನಿ" ಎಂದೆ.

ಅವರು ನನ್ನನ್ನು ತಿಳಿವಳಿಕೆ ಸಾಲದವಳಂತೆ ನೋಡಿದರು. "ಲೇತ್ ಅಂಗಡಿಗೆ ಹೆಂಗಸರನ್ನ ಕರ್ಕೊಂಡು ಹೋಗೋಕಾಗುತ್ತೇನೇ? ಅಲ್ಲೆಲ್ಲ ತಗಡಿನ ಚೂರು ಇರುತ್ತೆ. ಅದೂ ಅಲ್ದೆ ಎರಡು ಕೆಲಸ ಒಟ್ಟಿಗೆ ಹಚ್ಕೊಂಡ್ರೆ ಎರಡೂ ಕೆಡುತ್ತೆ."

ಹೀಗೆ ಬೇಲೂರಿನಲ್ಲಿ ಹಾಜರಾಗಬೇಕಾಗಿದ್ದ ನಾನು ಅರಸೀಕೆರೆಯಲ್ಲಿದ್ದೆ, ಅರಸೀಕೆರೆಯಲ್ಲಿರಬೇಕಾಗಿದ್ದ ಹೆಡ್ಡು ಬೇಲೂರಿನಲ್ಲಿ ಹಾಜರಾಗುತ್ತಿತ್ತು. ಆ ಬಸ್ಸಿನ ಕಂಡಕ್ಟರನಿಗೆ ಹೆಡ್ಡಿನ ಮುಖಪರಿಚಯವಾಗಿತ್ತು. "ಇವತ್ತು ಬಟ್ಲಾ ಟೋಪಿನಾ ಸಾರ್?" ಎಂದು ಕೇಳುತ್ತಿದ್ದನಂತೆ. ಒಂದು ಸಲ ಲೇತಿನಲ್ಲಿ ಕೆಲಸ ತಡವಾಗಿ, ಕಾಲ ಕಳೆಯಲು ಇವರು ಬೇಲೂರಿನ ದೇವಸ್ಥಾನದೊಳಗೆ ಹೋಗಿ ನಡುವಿನ ಗುಮ್ಮಟದ ಚಾವಣಿಯನ್ನು ಕತ್ತೆತ್ತಿ ನೋಡಿದರು. ಜನ ಅದನ್ನು ನೋಡಿ ಕೈಮುಗಿಯುತ್ತಾರೆ. ಇವರು ಮನೆಗೆ ಬಂದು "ಕೆತ್ತನೆ ಚೆನ್ನಾಗಿದೆ, ಆದ್ರೆ ಅಷ್ಟು ಆಳ ಆದ್ರೆ ಕಂಪ್ರೆಷನ್ ನಿಲ್ಲಲ್ಲ" ಎಂದರು.

ಮನೆಯಲ್ಲಿ ನಡೆಯುತ್ತಿದ್ದ ಸಂಶೋಧನೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹೆಡ್ಡಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಸಂದು ಉಳಿಯುತ್ತದೆಂದು ತಿಳಿಯಲು ಪಿಸ್ಟನ್ನಿನ ನೆತ್ತಿಯ ಮೇಲೆ ಚಪಾತಿ ಹಿಟ್ಟಿನ ಉಂಡೆ ಇಟ್ಟು, ಹೆಡ್ಡು ಬಿಗಿದು, ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ಹಿಟ್ಟಿನ ದಪ್ಪ ನೋಡಬೇಕು. ಹಿಟ್ಟು ಕೊಡುವವಳು ನಾನು. ನೀರು ಹೆಚ್ಚಾದರೆ ಬೈಗುಳ. ಮೂರು ಹೊತ್ತು ಅಡುಗೆ ಮಾಡಿದರೂ ಉಪ್ಪು ಕಡಿಮೆ ಎಂದು ಮಾತ್ರ ಬಾಯಿ ಬಿಡುತ್ತಿದ್ದ ಮನುಷ್ಯ, ಆ ಹಿಟ್ಟಿನ ಹದವನ್ನು ಮೆಚ್ಚಿ ಒಮ್ಮೆ "ಭೇಷ್" ಎಂದರು. ಹೆಡ್ಡಿನ ತಳ ಸಮವಾಗಲು ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜಬೇಕು, ಗಾಜು ಸಮತಟ್ಟಾಗಿರಬೇಕು. ಮನೆಯಲ್ಲಿದ್ದ ಅತ್ಯಂತ ಸಮತಟ್ಟಾದ ಗಾಜು ನಮ್ಮ ಮದುವೆಯ ಫೋಟೋದ್ದು ಎಂದು ಪತ್ತೆಯಾಯಿತು. ಅಂದಿನಿಂದ ಫೋಟೋದಲ್ಲಿ ನಾವಿಬ್ಬರೂ ಬಟ್ಟಬಯಲಾಗಿ ಧೂಳು ಕುಡಿಯುತ್ತ ನಿಂತೆವು.

ಇನ್ನು ಎಣ್ಣೆಯ ಅಳತೆ. ತಗ್ಗು ಎಷ್ಟು ಹಿಡಿಯುತ್ತದೆ ಎಂದು ತಿಳಿದರೆ ತಾನೇ ಇನ್ನೆಷ್ಟು ಕಡಿಸಬೇಕೆಂದು ಗೊತ್ತಾಗುವುದು? ಅದಕ್ಕೆ ಹೆಡ್ಡನ್ನು ಅಂಗಾತವಿಟ್ಟು, ಕೆಮ್ಮಿನ ಔಷಧಿಯ ಜೊತೆ ಬರುವ ಗೆರೆಯಿರುವ ಪುಟ್ಟ ಲೋಟದಿಂದ ಎಣ್ಣೆ ಹೊಯ್ದು ತುಂಬಿಸಬೇಕು. ಸೀಮೆಎಣ್ಣೆ ಬೆರೆಸಿದ ಎಂಜಿನ್ ಆಯಿಲ್ ಹಾಕಿ ಎಂದು ಯೂಸುಫಣ್ಣ ಹೇಳಿ ಕಳಿಸಿದ್ದ. ನಮ್ಮ ಯಜಮಾನರಿಗೆ ಅದು ಮನೆತನದ ಅವಮಾನವೆನಿಸಿತು. "ಮನೆ ತುಂಬ ಕೊಬ್ಬರಿ ಇಟ್ಕೊಂಡು ಕಂಡವರ ಎಣ್ಣೇಲಿ ಅಳೀಲಾ?" ಎಂದು ನಮ್ಮದೇ ಗಾಣದ ಕೊಬ್ಬರಿ ಎಣ್ಣೆ ತೆಗೆದುಕೊಂಡರು. ಮಂಡಿಗೆ ಹೋಗುವ ಮುಂಚೆ, ಬೆಳಗಿನ ಚಳಿಯಲ್ಲಿ, ಹಿತ್ತಿಲ ಕಲ್ಲಿನ ಮೇಲೆ ಕೂತು ಮಂಕಿ ಕ್ಯಾಪು ಹಾಕಿಕೊಂಡು ಅಳೆಯುತ್ತಿದ್ದರು. ಒಲೆಯ ಪಕ್ಕ ಕರಗಿಸಿಟ್ಟ ಎಣ್ಣೆಯನ್ನು ನಾನು ಚೊಂಬಿನಲ್ಲಿ ತಂದುಕೊಡುತ್ತಿದ್ದೆ. ಆ ಪುಟ್ಟ ಲೋಟವನ್ನು ಆಮೇಲೆ ತೊಳೆಯುವಾಗ ಒಳಗೆಲ್ಲ ಬೆಳ್ಳಗೆ ಏನೋ ಅಂಟಿರುತ್ತಿತ್ತು. ಗ್ರೀಸು ಗೀಸು ಇರಬೇಕೆಂದು ಬೂದಿ ಹಾಕಿ ಉಜ್ಜಿ ಇಡುತ್ತಿದ್ದೆ. ಅಳತೆಯ ಪ್ರಕಾರ ತಗ್ಗು ಯಾವಾಗಲೂ ದೊಡ್ಡದಾಗಿಯೇ ಬರುತ್ತಿತ್ತು. ದೊಡ್ಡದಾದರೆ ಕಡಿಸಬೇಕು. ಕಡಿಸಲು ಬೇಲೂರು.

ಒಂದು ಭಾನುವಾರ ಮಾತ್ರ ಪವಾಡ ನಡೆಯಿತು. ಬಟ್ಟಲು ಹೆಡ್ಡು ಕೂತೇಬಿಟ್ಟಿತು. ಕಿಕ್ಕಿಗೆ ಗಾಡಿ ಹತ್ತಿತು, ಬೀದಿಯ ಕೊನೆಯವರೆಗೆ ಹೋಗಿ ಬಂತು. ನಾನು ಅಟ್ಟದಿಂದ ಸೂಟ್‌ಕೇಸು ಇಳಿಸಿ, ಧೂಳು ಒರೆಸಿ, ಸೀರೆಗಳನ್ನು ಜೋಡಿಸಿದೆ. ಯಜಮಾನರು ಬಾಗಿಲಲ್ಲಿ ನಿಂತು ಸೂಟ್‌ಕೇಸನ್ನೇ ನೋಡಿದರು. ಸಂಜೆ ದೀಪ ಹಚ್ಚಲು ಬಂದು ನೋಡುತ್ತೇನೆ, ಹೆಡ್ಡು ಮತ್ತೆ ಗೋಣಿಚೀಲದ ಮೇಲೆ.

"ಇದ್ಯಾಕ್ರೀ ಬಿಚ್ಚಿದ್ರಿ? ಚೆನ್ನಾಗೇ ಓಡ್ತಿತ್ತಲ್ಲ?"

"ಏರಿನಲ್ಲಿ ಕೈ ಕೊಡುತ್ತೆ ಕಣೇ. ಇಬ್ಬರು ಕೂತ್ರೆ ಜಾವಗಲ್ ಹತ್ರ ಎಳೆಯಲ್ಲ. ಟೋಪೀನೇ ಸರಿ."

ಅತ್ತೆಗೂ ಅಂದು ರೇಗಿತು. "ಏನ್ಲಾ ಮಲ್ಲೇಶಿ, ಅದರ ತಲೆ ಎಷ್ಟು ಸಲ ಬೋಳಿಸ್ತೀಯ? ಅದೇನು ಹರಕೆ ಹೊತ್ತೈತಾ?" ಎಂದರು. ನಾನು ಸೂಟ್‌ಕೇಸನ್ನು ಅಟ್ಟಕ್ಕೆ ಹಾಕಲಿಲ್ಲ. ಅಲ್ಲೇ ಗೋಡೆಗೆ ಒರಗಿಸಿಟ್ಟೆ, ಕಣ್ಣಿಗೆ ಬೀಳಲಿ ಎಂದು.

ಕೊನೆಯ ದಿನ ಬಂದೇಬಂತು. ಹಿಂದಿನ ದಿನವಷ್ಟೇ ರುದ್ರಾಚಾರ್ರು ಟೋಪಿ ಹೆಡ್ಡನ್ನು ಕೊನೆಯ ಬಾರಿ ಕಡಿದು, "ಇನ್ನು ಕಡಿದ್ರೆ ಆ ಕಡೆ ಬೆಳಕು ಕಾಣ್ತದೆ" ಎಂದು ಎಚ್ಚರಿಸಿ ಕಳಿಸಿದ್ದರು. ಸೂಟ್‌ಕೇಸು ಗಾಡಿಯ ಮೇಲೆ ಕೂರುವುದಿಲ್ಲವೆಂದು ಬಟ್ಟೆಗಳನ್ನು ಬ್ಯಾಗಿಗೆ ತುಂಬಿದೆ. ಬೆಳಗ್ಗೆಯಿಂದ ಮೋಡ, ಶಾಲು ಹೊದ್ದರೂ ನಡುಕ. ಅತ್ತೆ ರಾಹುಕಾಲ ಕಳೆಯಲಿ ಎಂದರು. ರಾಹುಕಾಲ ಕಳೆದ ಮೇಲೆ ಹೆಡ್ಡು ಬಿಗಿಯುವುದು ಬಾಕಿಯಿತ್ತು. ಅದು ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಬೇಲೂರಿನ ಬಸ್ಸು ಹೊರಟು ಹೋಯಿತು. ಅದು ಬಿಟ್ಟರೆ ಮುಂದಿನದು ಬೇಲೂರು ಮುಟ್ಟುವ ಹೊತ್ತಿಗೆ ಕಚೇರಿಗೆ ಬೀಗ. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು ಬ್ಯಾಗು ಹಿಡಿದು ಅಂಗಳಕ್ಕಿಳಿದೆ.

ಅತ್ತೆ ಗಾಡಿಗೆ ಆರತಿ ಎತ್ತಿ, ತೆಂಗಿನಕಾಯಿ ಒಡೆದು, ಚಕ್ರದಡಿಗೆ ನಿಂಬೆಹಣ್ಣು ಇಟ್ಟರು. ಯಜಮಾನರು ಕಿಕ್ಕರ್ ತುಳಿದರು. ತುಳಿದ ಕಾಲನ್ನು ಗಾಡಿ ಅಷ್ಟೇ ಜೋರಾಗಿ ವಾಪಸು ಒದೆಯಿತು. ಅವರು ಮೊಣಕಾಲು ಹಿಡಿದುಕೊಂಡು ಅಂಗಳದಲ್ಲಿ ಒಂಟಿಕಾಲಲ್ಲಿ ಕುಣಿದರು. ಹೆಡ್ಡು ಬಿಗಿಯಲು ಬಂದಿದ್ದ ಯೂಸುಫಣ್ಣ ತುಳಿದ, ಅವನ ಚಪ್ಪಲಿ ಮಾಡಿನ ಮೇಲೆ ಹೋಯಿತು. "ಕಂಪ್ರೆಷನ್ ಅಂದ್ರೆ ಇದು ನೋಡು" ಎಂದು ಯಜಮಾನರು ನೋವಿನಲ್ಲೂ ಹೆಮ್ಮೆಪಟ್ಟರು. ಕೊನೆಗೆ ಎರಡೂ ಬೆಂಚಿನವರು ಹಗೆ ಮರೆತು ಸೇರಿ ನೂಕಿದರು. ನಿಂಬೆಹಣ್ಣು ಪಚಕ್ ಎಂದಿತು, ಗಾಡಿ ಸ್ಟಾರ್ಟಾಯಿತು, ನಾನು ಓಡುತ್ತ ಹಿಂದೆ ಹತ್ತಿದೆ.

ಸುಳ್ಳು ಯಾಕೆ ಹೇಳಲಿ, ಆ ಗಾಡಿ ಹಾರಿತು. ಬಾಣಾವರದ ದಾರಿಯಲ್ಲಿ ತೆಂಗಿನ ಮರಗಳು ಒಂದಕ್ಕೊಂದು ಅಂಟಿಕೊಂಡು ಹಿಂದೆ ಸರಿದವು. ನನ್ನ ಜಡೆ ಬಿಚ್ಚಿ ಬಾಯಿಗೆ ಬಂತು. ಜಾವಗಲ್‌ಗೆ ಮುಂಚೆಯೇ ಬೇಲೂರಿನ ಬಸ್ಸನ್ನು ಹಿಡಿದೆವು. ಯಜಮಾನರು ಅದರ ಪಕ್ಕ ಹೋಗುವಾಗ ಬೇಕೆಂದೇ ಹಾರ್ನ್ ಹೊಡೆದು ಎಡಗೈ ಎತ್ತಿದರು. ಕಂಡಕ್ಟರ್ ಕಿಟಕಿಯಿಂದ ಕತ್ತು ಹಾಕಿ ನೋಡಿದ. ಆ ಒಂದು ಗಳಿಗೆ ನನಗೂ ಖುಷಿಯಾಯಿತು. ಟ್ಯಾಂಕಿನ ಮೇಲೆ ಬಾಗಿದ ಅವರ ಬೆನ್ನಿಗೆ ಅಂಟಿಕೊಂಡು, ಹೋಗಲಿ, ಎಲ್ಲ ಬೈಗುಳ ವಾಪಸು ತಗೊಂಡೆ ಎಂದುಕೊಂಡೆ.

ಜಾವಗಲ್ ದಾಟಿದ ಮೇಲೆ ಎಂಜಿನ್ನಿನೊಳಗೆ ಯಾರೋ ಬಟಾಣಿ ಹುರಿಯುತ್ತಿರುವ ಸದ್ದು ಬಂತು. ಆಮೇಲೆ ಬಟಾಣಿ ತೆಂಗಿನಕಾಯಿಯಾಯಿತು, ಮೂಟೆ ಬಿಚ್ಚಿ ಕಲ್ಲುಹಾಸಿನ ಮೇಲೆ ಸುರಿದ ಹಾಗೆ. ಆಮೇಲೆ ಸುಟ್ಟ ವಾಸನೆ. ಆಮೇಲೆ ಏನೂ ಇಲ್ಲ. ಹಳೇಬೀಡಿಗೆ ಇನ್ನೂ ದೂರವಿದ್ದ ಒಂದು ರಾಗಿ ಹೊಲದ ಪಕ್ಕ ಗಾಡಿ ಸುಮ್ಮನೆ ನಿಂತಿತು. ಕುಯ್ದ ರಾಗಿಯ ಮೆದೆಯ ಮೇಲೆ ಕೂತಿದ್ದ ಕಾಗೆಯೊಂದು ನಮ್ಮನ್ನು ನೋಡಿತು.

ಯಜಮಾನರು ಪ್ಲಗ್ಗು ಬಿಚ್ಚಿ, ತೂತಿನಲ್ಲಿ ಕಣ್ಣಿಟ್ಟು ನೋಡಿ, ಎದ್ದು ನಿಂತರು. "ಪಿಸ್ಟನ್ ತೂತು ಬಿದ್ದಿದೆ" ಎಂದರು. ಅವರ ಮುಖ ನೋಡಿ ಬೈಯಲು ಬಂದದ್ದು ಬಾಯಲ್ಲೇ ಉಳಿಯಿತು.

"ಆವತ್ತು ಭಾನುವಾರ ಓಡ್ತಿತ್ತಲ್ಲ ರೀ. ಯಾಕೆ ಬಿಚ್ಚಿದ್ರಿ?" ಎಂದಷ್ಟೇ ಕೇಳಿದೆ.

ಅವರು ರುಮಾಲಿನಿಂದ ಕೈ ಒರೆಸಿದರು. ಒರೆಸಿದಷ್ಟೂ ಮಸಿ ಹರಡಿತು. "ನಿನ್ನ ಸೂಟ್‌ಕೇಸು ನೋಡ್ದೆ ಕಣೇ. ಮಂಡಿಯಿಂದ ಬಂದ್ರೆ ಮನೇಲಿ ನೀನಿರಲ್ಲ ಅನ್ನಿಸ್ತು. ಹೋಗ್ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಊರಿಗೆಲ್ಲ ಮೈಸೂರುಪಾಕ್ ಹಂಚಿದ್ದೀನಿ. ಹೆಡ್ ಬಿಚ್ಚಿದ್ರೆ ಇನ್ನೆರಡು ದಿನ ಸಿಗುತ್ತಲ್ಲ ಅಂತ."

"ಹೋಗ್ಬೇಡ ಅಂದಿದ್ರೂ ಹೋಗ್ತಿದ್ದೆ."

"ಗೊತ್ತು. ಅದಕ್ಕೇ ಅನ್ಲಿಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಎತ್ತಿಕೊಳ್ಳಲಿ ಎಂದು ನೋಡುವಷ್ಟರಲ್ಲಿ ದೂರದಲ್ಲಿ ಬಸ್ಸು ಕಂಡಿತು. ನಾವು ಹಿಂದೆ ಹಾಕಿ ಬಂದಿದ್ದ ಬಸ್ಸು ಅದೇ. ಅಲ್ಲಿ ನಿಲ್ದಾಣವಿಲ್ಲ, ಒಂಟಿ ಹೆಂಗಸು ಕೈ ತೋರಿದರೆ ನಿಲ್ಲಿಸುವ ಭರವಸೆಯೂ ಇಲ್ಲ. ಯಜಮಾನರು ಕುಂಟುತ್ತ ರಸ್ತೆಯ ನಟ್ಟನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತುಬಿಟ್ಟರು. ಬಸ್ಸು ಕಿರುಚಿಕೊಂಡು ಅವರ ಎದೆಯ ಹತ್ತಿರಕ್ಕೇ ಬಂದು ನಿಂತಿತು. ಡ್ರೈವರ್ ಬೈದದ್ದನ್ನು ಇಲ್ಲಿ ಬರೆಯಲಾರೆ.

ಕಂಡಕ್ಟರ್ ಬಾಗಿಲು ತೆರೆದು, ಗಾಡಿಯನ್ನೂ ಇವರನ್ನೂ ನೋಡಿ, "ಏನ್ ಸಾರ್, ಈಗ್ತಾನೆ ಹಾರ್ಕಂಡು ಹೋದ್ರಿ? ಬಟ್ಲೋ ಟೋಪಿಯೋ?" ಎಂದ.

"ಟೋಪಿ ಕಣಪ್ಪ" ಎಂದರು ಯಜಮಾನರು, ಸಣ್ಣ ದನಿಯಲ್ಲಿ. "ಇವರನ್ನ ಹುಷಾರಾಗಿ ಆಫೀಸ್ ಹತ್ರಾನೇ ಇಳಿಸು. ಟೀಚರು ಇವರು."

ಮೊದಲ ಬಾರಿಗೆ ನನ್ನನ್ನು ಟೀಚರು ಎಂದದ್ದು ಅವರೇ.

ಕಿಟಕಿಯಿಂದ ತಿರುಗಿ ನೋಡಿದಾಗ ಅವರು ಗಾಡಿಯನ್ನು ಹಿಡಿದು ನೂಕತೊಡಗಿದ್ದರು. ಕಣ್ಣು ಒರೆಸಿಕೊಳ್ಳಲು ಕರವಸ್ತ್ರಕ್ಕಾಗಿ ಬ್ಯಾಗಿಗೆ ಕೈ ಹಾಕಿದೆ. ಸ್ವೆಟರಿನ ಮಡಿಕೆಯಲ್ಲಿದ್ದ ತಲೆಗೆ ಹಚ್ಚುವ ಎಣ್ಣೆಯ ಶೀಶೆ ಕೈಗೆ ಬಂತು. ಕೊಬ್ಬರಿ ಎಣ್ಣೆ, ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ನಾನು ಆ ಶೀಶೆಯನ್ನೇ ನೋಡುತ್ತ ಕೂತೆ. ಆ ಪುಟ್ಟ ಲೋಟದಲ್ಲಿ ದಿನವೂ ಬೂದಿ ಹಾಕಿ ಉಜ್ಜುತ್ತಿದ್ದ ಬಿಳಿ ಯಾವುದೆಂದು ಆಗ ಹೊಳೆಯಿತು. ಚೊಂಬಿನಿಂದ ಬಿಸಿ ಎಣ್ಣೆ ತಣ್ಣನೆಯ ಲೋಟಕ್ಕೆ ಬಿದ್ದ ಕೂಡಲೇ ಒಂದಿಷ್ಟು ಗೋಡೆಗೆ ಹೆಪ್ಪುಗಟ್ಟಿ ಅಲ್ಲೇ ಉಳಿಯುತ್ತಿತ್ತು, ಅದೂ ಹೆಡ್ಡಿಗೆ ಬಿತ್ತೆಂದು ಇವರು ಲೆಕ್ಕ ಹಿಡಿಯುತ್ತಿದ್ದರು. ಅದಕ್ಕೇ ತಗ್ಗು ದೊಡ್ಡದಾಗಿ ಕಂಡದ್ದು, ಅದಕ್ಕೇ ಮಿತಿಮೀರಿ ಕಡಿಸಿದ್ದು, ಅದಕ್ಕೇ ಕಾವು ಹೆಚ್ಚಾಗಿ ಪಿಸ್ಟನ್ ತೂತಾದದ್ದು. ಪ್ರತಿ ಚಳಿಗಾಲ ಎಣ್ಣೆ ಶೀಶೆಯನ್ನು ಬಿಸಿಲಿಗಿಟ್ಟು ಕಾಯುವ ಇಡೀ ಮನೆಯಲ್ಲಿ, ಕೊಬ್ಬರಿಯಿಂದಲೇ ಬದುಕುವ ಇಡೀ ಬೀದಿಯಲ್ಲಿ, ಒಬ್ಬರಿಗೂ ಇದು ಹೊಳೆದಿರಲಿಲ್ಲ. ನಾನು ಅಳುವುದನ್ನು ಬಿಟ್ಟು ಜೋರಾಗಿ ನಕ್ಕೆ. ಪಕ್ಕದ ಅಜ್ಜಿ ತನ್ನ ಕೋಳಿಬುಟ್ಟಿಯನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. ಅಳತೆಯಲ್ಲಿ ಆದ ತಪ್ಪು ಪ್ರಾಮಾಣಿಕವಾದದ್ದು, ತಡ ಮಾತ್ರ ಅಲ್ಲ ಎಂದುಕೊಂಡೆ. ಯಾಕೋ ಆ ಅಪ್ರಾಮಾಣಿಕ ತಡವೇ ನನಗೆ ಹೆಚ್ಚು ಇಷ್ಟವಾಯಿತು.

ಕಚೇರಿಯಲ್ಲಿ ಗುಮಾಸ್ತರು ಬೀರುವಿಗೆ ಬೀಗ ಹಾಕಲು ಎದ್ದಿದ್ದರು. ನನ್ನ ಕೆದರಿದ ಜಡೆ ನೋಡಿ ಏನನ್ನಿಸಿತೋ, ಮತ್ತೆ ಕೂತರು. ನಾನು ಸಹಿ ಹಾಕಿದೆ. "ನಾಳಿದ್ದಿನಿಂದ ಸ್ಕೂಲಿಗೆ ಹೋಗಮ್ಮ" ಎಂದರು. ಅಷ್ಟೇ. ಅಷ್ಟಕ್ಕೆ ಇಷ್ಟೆಲ್ಲ ದಿನ.

ಕೆಲಸ ಮುಗಿಸಿ ಹೊರಗಿನ ಬೆಂಚಿನ ಮೇಲೆ ಕೂತೆ. ಮಾದಿಹಳ್ಳಿಗೆ ಹೋಗುವ ಬಸ್ಸಿಗೆ ಸಮಯವಿತ್ತು. ಹಸಿವಾಗಿತ್ತು. ಬುತ್ತಿಯ ಕ್ಯಾರಿಯರ್ ಗಾಡಿಯ ಪಕ್ಕದ ಚೀಲದಲ್ಲೇ ಉಳಿದಿದೆ ಎಂದು ನೆನಪಾಯಿತು. ಕತ್ತಲಾಗುವ ಮುಂಚೆ ಗೇಟಿನ ಹತ್ತಿರ ಒಂದು ಟ್ರ್ಯಾಕ್ಟರ್ ನಿಂತಿತು. ಹುಲ್ಲಿನ ಮೇಲಿಂದ ಯಜಮಾನರು ಇಳಿದರು. ಮುಖಕ್ಕೆ ಮಸಿ, ಮೊಣಕಾಲಿಗೆ ರುಮಾಲಿನ ಪಟ್ಟಿ, ಕೈಯಲ್ಲಿ ಬಟ್ಟೆ ಅಂಗಡಿಯ ಅದೇ ಕೈಚೀಲ.

ನನ್ನ ಮೈ ಉರಿದುಹೋಯಿತು. "ಬಂದ್ರಾ? ರುದ್ರಾಚಾರ್ರು ಬಾಗಿಲು ಹಾಕಿರ್ತಾರೆ, ಓಡಿ" ಎಂದೆ.

ಅವರು ಚೀಲವನ್ನು ನನ್ನ ತೊಡೆಯ ಮೇಲಿಟ್ಟರು. ಒಳಗೆ ಕ್ಯಾರಿಯರ್ ಇತ್ತು. ಅತ್ತೆ ಕಟ್ಟಿಕೊಟ್ಟಿದ್ದ ಚಿತ್ರಾನ್ನ, ತಳದ ಡಬ್ಬಿಯಲ್ಲಿ ಮೊಸರು. "ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು" ಎಂದರು.

"ಹೆಡ್ಡು?"

"ಗಾಡೀಲೇ ಇದೆ. ಹಳೇಬೀಡಲ್ಲಿ ಒಬ್ರ ಕೊಟ್ಟಿಗೇಲಿ ನಿಲ್ಸಿ ಬಂದೆ. ಆಯ್ತಾ, ಸೈನು?"

ಆಯಿತೆಂದು ತಲೆಯಾಡಿಸಿ ಕ್ಯಾರಿಯರ್ ಬಿಚ್ಚಿದೆ. ಒಂದು ಡಬ್ಬಿ ನನಗೆ, ಮುಚ್ಚಳದಲ್ಲಿ ಅವರಿಗೆ. ಬೇಲೂರಿಗೆ ಅವರು ಹೆಡ್ಡಿಲ್ಲದೆ ಬಂದದ್ದು ಅದೇ ಮೊದಲು.